ಹೊರಡದ ಬಸ್ಸಿನ ಹೀಟರ್

ಗುರುಸಿದ್ದ ಅವರನ್ನು ನಾನು ಮೊದಲು ಕಂಡದ್ದು ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ, ಅವರ ಮನೆಯ ಗ್ಯಾರೇಜಿನ ಮುಂದೆ. ಮಾಸ್ತರಿಕೆಯಿಂದ ನಿವೃತ್ತನಾಗಿ ಮಗಳ ಮನೆಗೆ ಬಂದ ಹೊಸತು. ವಾಕಿಂಗ್ ಹೊರಟವನು ಕನ್ನಡದ ಮಾತು ಕೇಳಿ ನಿಂತೆ. ಅರವತ್ತು ದಾಟಿದ ಗಂಡಸೊಬ್ಬರು ಮೊಣಕೈವರೆಗೆ ಮಸಿ ಮಾಡಿಕೊಂಡು, ಯಾವುದೋ ಯಂತ್ರವನ್ನು ಬಿಚ್ಚಿ ಕುಳಿತಿದ್ದರು. ಪಕ್ಕದ ವ್ಯಾನಿನೊಳಗೆ ಕೋಟು ತೊಟ್ಟ ಹೆಂಗಸೊಬ್ಬರು ಮಡಿಲಲ್ಲಿ ಕೈಚೀಲ ಇಟ್ಟುಕೊಂಡಿದ್ದರು.

“ಡ್ರೈವರಣ್ಣಾ, ಗಜೇಂದ್ರಗಡದ ಬಸ್ ಯಾವಾಗ ಬಿಡತೀಯೋ?”

“ಸ್ವಲ್ಪ ರಿಪೇರಿ ಐತ್ರಿ ಅವ್ವಾರ.”

“ದಿನಾ ರಿಪೇರಿ! ನಿನ್ನ ಬಸ್ಸಿಗಿಂತ ಎತ್ತಿನ ಗಾಡಿ ಛಲೋ.”

ನಾನು ನಕ್ಕೆ. ಅವರು ತಲೆಯೆತ್ತಿ, “ನನ್ನ ಹೆಂಡ್ತಿ, ಶಾಂತವ್ವ” ಎಂದರು. ನನ್ನ ನಗು ಅಲ್ಲೇ ನಿಂತಿತು.

ಗುರುಸಿದ್ದ ಸೌತ್‌ಫೀಲ್ಡಿನ ಕಚೇರಿಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತಿಯ ನಂತರ ಇಬ್ಬರೂ ಊರೂರು ತಿರುಗಬೇಕೆಂದು ಆ ಡೀಸೆಲ್ ವ್ಯಾನ್ ಕೊಂಡಿದ್ದರು. ಎಂಜಿನ್ ನಿಲ್ಲಿಸಿದರೂ ಡೀಸೆಲ್ ಉರಿಸಿ ಒಳಗೆ ಬಿಸಿಗಾಳಿ ಕೊಡುವ ಹೀಟರು ಅದರ ಸೀಟಿನ ಕೆಳಗಿತ್ತು. ಅಷ್ಟರಲ್ಲಿ ಶಾಂತವ್ವನವರ ನೆನಪು ಹೋಯಿತು. ಸ್ವಂತ ಮನೆಯೇ ಪರರ ಮನೆಯಾಯಿತು. ಒಮ್ಮೆ ಊರಿನ ಬಸ್ಸು ಹುಡುಕುತ್ತ ಹಿಮದಲ್ಲಿ ಬರಿಗಾಲಲ್ಲಿ ಹೊರಟುಬಿಟ್ಟಿದ್ದರು, ಸಿಕ್ಕಿದ್ದು ಪುಣ್ಯ. ಅಂದಿನಿಂದ ಗುರುಸಿದ್ದ ಸಂಜೆಯಾದರೆ ಅವರನ್ನು ಮನೆಯೆದುರಿನ ಡ್ರೈವ್‌ವೇಯಲ್ಲಿ ನಿಲ್ಲಿಸಿದ ವ್ಯಾನಿನಲ್ಲಿ ಕೂರಿಸುತ್ತಿದ್ದರು. ಬೆಚ್ಚಗಿದ್ದಷ್ಟು ಹೊತ್ತು ಶಾಂತವ್ವ ಬಸ್ಸಿನಲ್ಲಿದ್ದೇನೆಂದು ಸುಮ್ಮನಿರುತ್ತಿದ್ದರು. ಹೀಟರ್ ಆರಿದರೆ ಇಳಿದು ನಡೆದುಬಿಡುತ್ತಿದ್ದರು.

“ಜೋರಾಗಿ ಉರಿಸಿದ್ರ ಒಳಗ ಮಸಿ ಕಟ್ಟೂದಿಲ್ಲ ಮಾಸ್ತರ್ರ. ಆದ್ರ ಜೋರು ಮಾಡಿದ್ರ ಫ್ಯಾನಿನ ಸಪ್ಪಳಕ್ಕ ಬಸ್ ಬಿಟ್ಟಿತು ಅಂತ ಚೀರತಾಳ. ‘ನಿಲ್ಲಸೋ, ನಮ್ಮ ಮನಿಯವ್ರು ಇನ್ನೂ ಬಂದಿಲ್ಲ’ ಅಂತ ಬಾಗಿಲಾ ಎಳೀತಾಳ.”

ಹೀಗಾಗಿ ಯಾವಾಗಲೂ ಸಣ್ಣ ಉರಿ. ಸಣ್ಣ ಉರಿಗೆ ಮಸಿ ಕಟ್ಟುತ್ತದೆ. ಹೀಟರ್ ಹೊಗೆಯುಗುಳಿ ಆರುತ್ತದೆ. ಕೆಲವು ವಾರಕ್ಕೊಮ್ಮೆ ಬ್ಯಾಟರಿಯ ತಂತಿ ತೆಗೆದು, ಡೀಸೆಲ್ ಕೊಳವೆ ಕಳಚಿ, ಹೀಟರನ್ನು ಹೊರಗೆಳೆದು ಕೆರೆಯಲೇಬೇಕು. ಅಂಥ ದಿನಗಳಲ್ಲಿ ಶಾಂತವ್ವನವರು ಇಳಿದು ಹೋಗದಂತೆ ಅವರ ಪಕ್ಕ ನಾನು ಕೂರತೊಡಗಿದೆ.

ಕಳೆದ ಚಳಿಗಾಲದಲ್ಲಿ ಒಮ್ಮೆ ಶಾಂತವ್ವ ನನಗೆ ಹೇಳಿದರು: “ನಮ್ಮ ಮನಿಯವ್ರು ಟಿಕೀಟು ತರ್ತೀನಿ ಅಂತ ಹೋದ್ರು. ನನ್ನ ಮರತೇಬಿಟ್ರು ನೋಡ್ರಿ.”

ಹೊರಗೆ ಮಸಿ ಕೆರೆಯುವ ಸದ್ದು ನಿಂತಿತು. ಗುರುಸಿದ್ದ ಮನೆಯೊಳಗೆ ಹೋಗಿ, ಕೈಮುಖ ತೊಳೆದು, ವಿಭೂತಿ ಹಚ್ಚಿ, ಒಗೆದ ಅಂಗಿ ತೊಟ್ಟು ಬಂದರು. ನಾನು ಎದ್ದು ಜಾಗ ಬಿಟ್ಟೆ. ಹೆಂಡತಿಯ ಪಕ್ಕದಲ್ಲಿ ಕುಳಿತು, “ಶಾಂತಾ, ಬಂದೆ ನೋಡು” ಎಂದರು.

ಶಾಂತವ್ವ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಶಾಲು ಬಿಗಿಯಾಗಿ ಹೊದ್ದು, ಕಿಟಕಿಯ ಕಡೆ ಸರಿದರು.

“ಡ್ರೈವರಣ್ಣಾ, ನಿನ್ನ ಸೀಟು ಮುಂದೈತಿ.”

ಗುರುಸಿದ್ದ ಎದ್ದು ಮುಂದೆ ಹೋದರು.

ಈಗಲೂ ಸಂಜೆ ಅವರು ಅಲ್ಲಿಯೇ ಇರುತ್ತಾರೆ, ಸ್ಟಿಯರಿಂಗ್ ಹಿಡಿದುಕೊಂಡು, ಹಿಂದಕ್ಕೆ ತಿರುಗದೆ. ಹೀಟರ್ ಸಣ್ಣ ಉರಿಯಲ್ಲಿದೆ. ಈ ವಾರ ಮತ್ತೆ ಬಿಚ್ಚಬೇಕಂತೆ; ಹೊಗೆ ಬರತೊಡಗಿದೆ.