ಪಾಯ ತೆಗೆಯುವ ಮೊದಲೇ ಮನೆಯೊಳಗೆ ನಡೆಸುವ ನಿಖತ್

ಬೆಳಗಿನ ಐದೂವರೆ. ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ರಸ್ತೆಯಲ್ಲಿ ಟೈಲರ್ ಅಕ್ಬರ್ ಪಾಷಾ ಅವರ ಅಂಗಡಿಯ ಷಟರ್ ಅರ್ಧ ಎತ್ತಿದೆ. ಒಳಗೆ ಅವರ ಮಗಳು ನಿಖತ್ ಕಂಪ್ಯೂಟರ್ ಮುಂದೆ ಕೂತು, ಇನ್ನೂ ಪಾಯವನ್ನೇ ತೆಗೆಯದ ಮನೆಯೊಂದರ ಮೆಟ್ಟಿಲು ಹತ್ತುತ್ತಿದ್ದಾರೆ. ಎಂಟಕ್ಕೆ ಕರೆಂಟ್ ಹೋಗುತ್ತದೆ. ಅಷ್ಟರಲ್ಲಿ ಮಹಡಿ ಮುಗಿಯಬೇಕು.

ಇಪ್ಪತ್ತೇಳರ ನಿಖತ್ ಹಗಲು ಟೈಪಿಂಗ್ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಮೂರು ವರ್ಷದ ಹಿಂದೆ, 2004ರಲ್ಲಿ, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಅವರಿಗೊಂದು ಗೇಮ್ ಎಂಜಿನ್ ಸಿಕ್ಕಿತು. ಬಂದೂಕು ಹಿಡಿದು ಕೋಟೆಯೊಳಗೆ ಓಡಾಡುವಂಥ ಆಟಗಳನ್ನು ತಯಾರಿಸುವ ತಂತ್ರಾಂಶ ಅದು. ನಿಖತ್ ಬಂದೂಕು, ಶತ್ರು ಎಲ್ಲ ತೆಗೆದುಹಾಕಿ ಕೋಟೆಯ ಜಾಗದಲ್ಲಿ ಮನೆ ಕಟ್ಟಿದರು. "ಪ್ಲಾನ್ ಕಾಗದ ನಮ್ಮ ಜನಕ್ಕೆ ಅರ್ಥ ಆಗಲ್ಲ ಕಣ್ರೀ. ಬರೀ ಗೆರೆ. ಒಳಗೆ ನಡೆದ್ರೆ ಗೊತ್ತಾಯ್ತದೆ" ಎನ್ನುತ್ತಾರೆ.

ಒಂದು ಮನೆಗೆ ಎಂಟೊಂಬತ್ತು ಬೆಳಗು ಹಿಡಿಯುತ್ತದೆ. ಇದುವರೆಗೆ ಹತ್ತೊಂಬತ್ತು ಮನೆ ಆಗಿವೆ. ಆದರೆ ಮೊದಲ ವರ್ಷ ಯಾವ ಮೇಸ್ತ್ರಿಯೂ ಈ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ಬಂದವರು ಬಿಳಿಗೆರೆಯ ಮಾಯಣ್ಣ. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಹೆಂಡತಿ ಸಿದ್ದಮ್ಮ ಅವರನ್ನು ಗಾಲಿಕುರ್ಚಿ ಸಮೇತ ಗೂಡ್ಸ್ ಆಟೋದಲ್ಲಿ ಕರೆತಂದು, ಹೊಸ ಮನೆಯ ಪ್ಲಾನ್ ಕೊಟ್ಟರು. ನಿಖತ್ ಅಪ್ಪನ ಟೇಪಿನಲ್ಲಿ ಕುರ್ಚಿಯ ಅಗಲ ಅಳೆದುಕೊಂಡರು. ಪರದೆಯ ಮೇಲೆ ನಡೆಯುವ ಮನುಷ್ಯನಿಗೂ ಅಷ್ಟೇ ಅಗಲ ಕೊಟ್ಟರು.

ಹತ್ತು ದಿನ ಬಿಟ್ಟು ಬಂದ ಮಾಯಣ್ಣ ತಾವೇ ಕೀಬೋರ್ಡಿನ ಬಾಣದ ಗುಂಡಿ ಒತ್ತಿದರು. ಮರುದಿನವೇ ಪಾಯ ತೆಗೆಯುವುದಿತ್ತು. ಪರದೆಯ ಮನುಷ್ಯ ಜಗಲಿ ದಾಟಿದ, ನಡುಮನೆ ದಾಟಿದ. ಬಚ್ಚಲ ಬಾಗಿಲಲ್ಲಿ ಎಲ್ಲ ನಿಂತುಹೋಯಿತು.

"ಯಾಕವ್ವಾ, ಕೆಟ್ಟೋಯ್ತಾ?"

"ಇಲ್ಲ ಅಣ್ಣ. ನಿಮ್ಮ ಕುರ್ಚಿ ಇಪ್ಪತ್ತಾರು ಇಂಚು. ಬಾಗಿಲು ಇಪ್ಪತ್ತನಾಲ್ಕು."

ಸಿದ್ದಮ್ಮ ಎದ್ದು ಹೋಗಿ ಮೇಸ್ತ್ರಿ ತೋಂಟದಾರ್ಯ ಅವರನ್ನು ಕರೆತಂದರು. "ಆಟ ನೋಡ್ಕಂಡು ಮನೆ ಕಟ್ತಾರೇನಮ್ಮ?" ಎನ್ನುತ್ತಲೇ ಒಳಬಂದ ಅವರು ಗುಂಡಿ ಒತ್ತಿದರು. ಪರದೆಯ ಮನುಷ್ಯ ಅದೇ ಬಾಗಿಲಲ್ಲಿ ನಿಂತ. ಮತ್ತೆ ಒತ್ತಿದರು. ಕೊನೆಗೆ ಮಾಯಣ್ಣನ ಕುರ್ಚಿಯನ್ನೊಮ್ಮೆ ನೋಡಿ, "ಮೂರಡಿ ಮಾಡಾನ ಬುಡು" ಎಂದರು. ಈಗ ಗಿರಾಕಿಗಳನ್ನು ಇಲ್ಲಿಗೆ ಕಳಿಸುವವರು ಅವರೇ.

ಸಿದ್ದಮ್ಮನನ್ನು ಕೇಳಿದರೆ ನಗುತ್ತಾರೆ: "ಈಗ ಸ್ನಾನಕ್ಕೆ ಒಬ್ರೇ ಹೋಯ್ತಾರೆ. ಚಿಲಕ ಬ್ಯಾರೆ ಹಾಕ್ಕತಾರೆ!"

ಹೆಮ್ಮೆ ಅನಿಸುವುದಿಲ್ಲವೇ ಎಂದರೆ ನಿಖತ್ ದುಪಟ್ಟಾ ಸರಿಮಾಡಿಕೊಳ್ಳುತ್ತಾರೆ. "ಗೋಡೆ ಅಡ್ಡ ಬಂದ್ರೆ ನಿಲ್ಲೋದು ಆ ಗೇಮ್‌ನಲ್ಲೇ ಇತ್ತು. ನಾನೇನು ಹೊಸದಾಗಿ ಮಾಡ್ಲಿಲ್ಲ" ಎನ್ನುತ್ತಾರೆ. ಆಮೇಲೆ ತಾವೇ ಹೇಳುತ್ತಾರೆ: "ಮಾಯಣ್ಣನ ಗೃಹಪ್ರವೇಶಕ್ಕೆ ಹೋಗಿದ್ದೆ. ಬಿಳಿಗೆರೆ ನೋಡಿದ್ದೇ ಅವತ್ತು. ಆದ್ರೂ ಅಡುಗೆಮನೆ ಎಲ್ಲಿ ಅಂತ ಯಾರನ್ನೂ ಕೇಳಲಿಲ್ಲ ಕಣ್ರೀ. ಸೀದಾ ಹೋದೆ."