ಆಮೆ ಬೆನ್ನಿನ ಹದಿಮೂರನೇ ಚಂದ್ರ

2007ರ ಬೇಸಿಗೆ. ಅಮೆರಿಕದ ಕೆಂಟ್‌ನಲ್ಲಿ ಕಿಚನ್ ಕೌಂಟರ್ ಮಾಡೋ ಒಂದು ಸಣ್ಣ ಕಲ್ಲಿನ ಶಾಪಲ್ಲಿ ನಾನು ಪಾಲಿಶರ್. ಕೆಲಸ ಯಾರೂ ಕಲಿಸಿರ್ಲಿಲ್ಲ. ಲೈಬ್ರರಿ ಪುಸ್ತಕ ನೋಡ್ಕೊಂಡು ಅಪ್ಪನ ಗ್ಯಾರೇಜಲ್ಲಿ ಉಜ್ಜಿ ಉಜ್ಜಿ ಕಲಿತಿದ್ದು ಅಷ್ಟೇ.

ಶಾಪಿನ ಹಿಂದಿನ ಮೂಲೇಲಿ ಡೋರೀನ್ ಅಂತ ಒಬ್ರು ಸೋಪ್‌ಸ್ಟೋನ್ ಕೆತ್ತೋರು. ಅಲ್ಲಿನ ಮೂಲನಿವಾಸಿ ಇರೊಕ್ವಾ ಜನ, ಅದರಲ್ಲಿ ಮೊಹಾಕ್ ಪಂಗಡ. ಸೋಪ್‌ಸ್ಟೋನ್ ಅಂದ್ರೆ ನಮ್ಮ ಬಳಪದ ಕಲ್ಲೇ, ಉಗುರಲ್ಲಿ ಗೀಚಿದ್ರೂ ಗೆರೆ ಬೀಳತ್ತೆ. ಒಂದಿನ ಅವರು ಕೆತ್ತುತ್ತಿದ್ದ ಆಮೆ ನೋಡಿ ಕೇಳ್ದೆ, "ಬರೀ ಆಮೆನಾ ಇದು?"

"ಬರೀ ಆಮೆನಾ? ನೀನು ನಿಂತಿರೋದೇ ಅದರ ಬೆನ್ನ ಮೇಲೆ ಕಣಮ್ಮ!"

ಆಮೇಲೆ ಕಥೆ ಹೇಳಿದ್ರು. ಮೊದಲು ಎಲ್ಲೆಲ್ಲೂ ನೀರಂತೆ. ಆಕಾಶದಿಂದ ಒಬ್ಬ ಹೆಂಗಸು ಬಿದ್ಲು, ಹಕ್ಕಿಗಳು ರೆಕ್ಕೆ ಮೇಲೆ ಹಿಡ್ಕೊಂಡ್ವು, ಆಮೆ ಬೆನ್ನು ಕೊಡ್ತು. ನೀರಿನಡಿಯಿಂದ ತಂದ ಒಂದು ಹಿಡಿ ಮಣ್ಣು ಅದರ ಮೇಲೆ ಬೆಳೀತಾ ಬೆಳೀತಾ ಭೂಮಿ ಆಯ್ತು. ನಂಗೆ ಮೈ ಜುಮ್ ಅಂತು.

ಆ ಆಮೆ ಅವರಮ್ಮಂಗೆ. ಆ ಅಜ್ಜಿಗೆ ಕಣ್ಣು ಪೂರ್ತಿ ಹೋಗಿತ್ತು, ಬೆರಳಲ್ಲೇ ನೋಡ್ಬೇಕು. ಭಾನುವಾರ ಡೋರೀನ್‌ಗೆ ಅಮ್ಮನ ಊರಿಗೆ ಫ್ಲೈಟು. ಶುಕ್ರವಾರ ಬೆಳಿಗ್ಗೆ ಆಮೆನ ನಂಗೆ ಪಾಲಿಶ್ ಮಾಡೋಕೆ ಕೊಟ್ಟು ಹೊರಗೆ ಹೋದ್ರು.

ನಾನು ಏನ್ಮಾಡ್ದೆ ಗೊತ್ತಾ? ಬಾಲದ ಹತ್ರ ಒಂದು ಗೆರೆ ಸೊಟ್ಟ ಇತ್ತು. ಉಳಿ ಜಾರಿದೆ ಅಂದ್ಕೊಂಡು ನುಣ್ಣಗೆ ಉಜ್ಜಿ ಅಳಿಸ್ಬಿಟ್ಟೆ. ಬೆನ್ನ ಮೇಲಿನ ಚಿಪ್ಪುಗಳಲ್ಲಿ ಎರಡು ಸೇರಿ ಒಂದಾಯ್ತು. ಎಣಿಸ್ದೆ, ಹನ್ನೆರಡು. ಸರಿ ಸಂಖ್ಯೆ ಆಯ್ತು ಅಂತ ಖುಷಿ ಬೇರೆ!

ಸಂಜೆ ವಾಪಸ್ ಬಂದು ಡೋರೀನ್ ಬೆರಳಾಡಿಸಿದ್ರು. ಮುಖ ಬಿಳಚ್ಕೊಳ್ತು. "ಒಂದು ಚಂದ್ರ ಎಲ್ಲಿ? ಚಿಪ್ಪಿಗೊಂದು ಚಂದ್ರ, ವರ್ಷಕ್ಕೆ ಹದಿಮೂರು. ಅಮ್ಮ ಎಣಿಸ್ತಾಳೆ."

ಹೊರಗೆ ಓಡಿ ಅಮ್ಮಂಗೆ ಫೋನ್ ಮಾಡ್ದೆ. "ವರ್ಷಕ್ಕೆ ಹದಿಮೂರು ತಿಂಗಳು ಇರತ್ತಾ?"

"ಇರದೇ ಏನು? ಈ ಸಲ ಎರಡು ಜ್ಯೇಷ್ಠ ಬಂತಲ್ಲೇ ಪೆದ್ದಿ! ಅಧಿಕ ಮಾಸಕ್ಕೆ ಮೂವತ್ಮೂರು ಅತ್ತಿರಸ ಡಬ್ಬಿಗೆ ತುಂಬಿದ್ಯಾರು?"

ನಾನೇ. ನಮ್ಮ ಮನೇಲೂ ಚಂದ್ರನ್ನೇ ಎಣಿಸ್ತಿದ್ರು, ನಾನು ಗೋಡೆ ಕ್ಯಾಲೆಂಡರ್ ಎಣಿಸ್ತಿದ್ದೆ.

ಕಲ್ಲಿಗೆ ಕಲ್ಲು ಸೇರ್ಸೋಕಾಗಲ್ಲ, ತೆಗೆಯೋಕೆ ಮಾತ್ರ ಆಗೋದು. ಶನಿವಾರ ಪೂರ್ತಿ ಡೋರೀನ್ ಉಳಿದ ಹನ್ನೊಂದು ಚಿಪ್ಪನ್ನೂ ಕೂದಲೆಳೆಯಷ್ಟು ಇಳಿಸಿದ್ರು, ನಾನು ಅಳಿಸಿದ ಜಾಗದ ಮಟ್ಟಕ್ಕೆ. ಆಮೆ ಸ್ವಲ್ಪ ತೆಳ್ಳಗಾಯ್ತು. ಕೊನೇಲಿ ಉಳಿ ನನ್ನ ಕೈಗಿಟ್ರು.

"ಅಳಿಸಿದ್ದು ನೀನು. ಕೊರೆಯೋದೂ ನೀನೇ."

ಮೂರು ಸಲ ಉಳಿ ಇಟ್ಟೆ, ಮೂರು ಸಲ ತೆಗೆದೆ. ಆಮೇಲೆ ಕೊರೆದೆ.

ಸೋಮವಾರ ಡೋರೀನ್ ಫೋನ್ ಬಂತು. ಅಜ್ಜಿ ಎಣಿಸಿದ್ರಂತೆ, ಹದಿಮೂರಕ್ಕೆ ಬೆರಳು ನಿಂತಿತಂತೆ. "ಇದು ನಿನ್ನ ಕೈಯಲ್ಲ. ಯಾರೋ ಹೆದರ್ಕೊಂಡು ಕೊರೆದಿದ್ದಾರೆ" ಅಂದ್ರಂತೆ. ಆಮೇಲೆ ಆ ಗೆರೆ ಮೇಲಿಂದ ಬೆರಳು ತೆಗೀಲೇ ಇಲ್ವಂತೆ.

ಸೊಟ್ಟ ಕಂಡಿದ್ದೆಲ್ಲ ತಪ್ಪಲ್ಲ ಅಂತ ಆ ಕೆಲಸ ನಂಗೆ ಕಲಿಸ್ತು. ಈಗ ಯಾವ ಕಲ್ಲಾದ್ರೂ ಸರಿ, ಮಾಡಿದೋರನ್ನ ಕೇಳದೇ ಒಂದು ಗೆರೆನೂ ಉಜ್ಜಲ್ಲ.