ಮೂರು ಕೋಸಿನ ಟೀಚರ್

ನಮ್ಮ ಇಂಗ್ಲಿಷ್ ಟೀಚರ ಎಡ ಭುಜ ಬಲ ಭುಜಕ್ಕಿಂತ ತುಸು ಕೆಳಗಿತ್ತು. ಪಣಕಹಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಆ ಭುಜದಲ್ಲಿ ಸದಾ ಒಂದು ಭಾರದ ಚೀಲ ನೇತಾಡುತ್ತಿತ್ತು. ಪಾಠಕ್ಕೆ ಬೇಕಾದದ್ದನ್ನು ಅವರು ತಮ್ಮ ಹೊಲದಿಂದಲೇ ತರುತ್ತಿದ್ದರು. ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಎಂದರೆ ಮೂರು ಕೋಸು. ಲಾಂಗ್, ಲಾಂಗರ್, ಲಾಂಗೆಸ್ಟ್ ಎಂದರೆ ಮೂರು ಮೂಲಂಗಿ. ಪಾಠ ಮುಗಿದ ಮೇಲೆ ಅವೆಲ್ಲ ಮಧ್ಯಾಹ್ನದ ಸಾಂಬಾರಿಗೆ.

"ಟೀಚರಮ್ಮ, ಇಸ್ಕೂಲ್ಗೋ ಸಂತೆಗೋ?" ಎಂದು ಕಂಡಕ್ಟರ್ ರೇಗಿಸುತ್ತಿದ್ದ.

"ಎರಡ್ಕಡೇನೂ ಕೂಗೋದೇ ಕೆಲ್ಸ ಕಣಪ್ಪ. ಟಿಕೇಟ್ ಕೊಡು."

ಅವರು ಮೃದು ಸ್ವಭಾವದವರಾಗಿರಲಿಲ್ಲ. 'ಮೋರ್ ಬಿಗ್ಗರ್' ಎಂದವರ ಮೇಲೆ ಸೀಮೆಸುಣ್ಣದ ತುಂಡು ಬೀಳುತ್ತಿತ್ತು. "ಒಂದು ದನಕ್ಕೆ ಎರಡು ಬಾಲ ಯಾಕ್ಲಾ?" ಯಾರಾದರೂ ಇದು ದೊಡ್ಡದು ಎಂದರೆ, "ಯಾವ್ದಕ್ಕಿಂತ? ಅದ ಮೊದ್ಲು ಏಳು" ಎನ್ನುತ್ತಿದ್ದರು. ಒಮ್ಮೆ ನನ್ನ ಅವ್ವ ಶಾಲೆಯ ಬಾಗಿಲಲ್ಲಿ ನಿಂತು "ಇವ್ಳು ದಡ್ಡಿ ಕಣವ್ವ" ಎಂದಾಗಲೂ ಅದೇ ಪ್ರಶ್ನೆ: "ಯಾರ್ಗಿಂತ?"

ಮಕ್ಕಳನ್ನು ನಿಲ್ಲಿಸಿ ಹೋಲಿಸುವ ಪಾಠ ಅವರು ಎಂದೂ ಮಾಡಲಿಲ್ಲ. "ಕೋಸಿಗೆ ಬ್ಯಾಸರ ಆಗಕಿಲ್ಲ. ಅದ್ಕೇ ಕೋಸು ತರ್ತಿವ್ನಿ" ಎಂದಿದ್ದರು.

ನಾನು ಎಂಟನೇ ತರಗತಿಯಲ್ಲಿದ್ದಾಗ ಕೆಳಗಿನ ಪಟ್ಟಣದಿಂದ ನಮ್ಮ ಬೆಟ್ಟದೂರಿಗೆ ಘಾಟಿ ಹತ್ತಿ ಒಬ್ಬ ಅಧಿಕಾರಿ ಶಾಲೆ ನೋಡಲು ಬಂದರು. ಹೆಡ್‌ಮಾಸ್ತರಿಗೆ ಹುರುಪು ಬಂತು. ಟೀಚರನ್ನು ಹಿಂದಿನ ಬೆಂಚಿಗೆ ಕಳಿಸಿ ತಾವೇ ಪಾಠಕ್ಕೆ ನಿಂತರು. ಮೂವರು ಹುಡುಗಿಯರನ್ನು ಮುಂದೆ ಕರೆದರು. ನಾನು ಕೊನೆಯವಳು. ಮೂವರೂ ಕೂಲಿ ಮಾಡುವವರ ಮಕ್ಕಳು. ಹೊಲ, ತೋಟ ಇದ್ದವರ ಮನೆಯ ಕಪ್ಪು ಹುಡುಗಿಯರೂ ಆ ಕ್ಲಾಸಿನಲ್ಲಿದ್ದರು. ಅವರು ಹೆಡ್‌ಮಾಸ್ತರ ಕಣ್ಣಿಗೆ ಬೀಳಲಿಲ್ಲ.

"ಬ್ಲ್ಯಾಕ್, ಬ್ಲ್ಯಾಕರ್," ಎನ್ನುತ್ತ ಬಂದು ನನ್ನ ತಲೆಗೆ ಬೆತ್ತ ಮುಟ್ಟಿಸಿದರು. "ಬ್ಲ್ಯಾಕೆಸ್ಟ್. ಎಲ್ಲಾರೂ ಏಳಿ."

ಎಲ್ಲರೂ ಹೇಳಿದರು. ಅಧಿಕಾರಿ ನಕ್ಕರು.

ಟೀಚರು ಹಿಂದಿನಿಂದ ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ನನ್ನ ಜಾಗದಲ್ಲಿ ನಿಂತರು. "ಇವ್ಳಿಗಿಂತ ನಾನು ಕಪ್ಪು. ಇಲ್ಲಿ ನಾನಿರ್ತೀನಿ. ಸಾರ್, ನೀವೂ ಬನ್ನಿ. ಸಾಹೇಬ್ರೂ ಬರ್ಲಿ. ಫ್ಯಾಟ್, ಫ್ಯಾಟರ್, ಫ್ಯಾಟೆಸ್ಟ್ ಅಂತ ಐಕ್ಳು ಏಳ್ಲಿ."

"ತಮಾಸೆಗೆ ಮಾಡುದ್ದು ಕಣಮ್ಮ," ಎಂದರು ಹೆಡ್‌ಮಾಸ್ತರು.

"ನಾನೂ ತಮಾಸೆಗೇ ಏಳ್ತಿವ್ನಿ ಸಾರ್. ಬನ್ನಿ."

ಯಾರೂ ಬರಲಿಲ್ಲ. ಕ್ಲಾಸಿನಲ್ಲಿ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ.

ಅವರದು ಹಂಗಾಮಿ ಕೆಲಸ. ಬೇಸಿಗೆ ರಜೆ ಮುಗಿದಾಗ ಹೆಡ್‌ಮಾಸ್ತರು ಅವರನ್ನು ಮತ್ತೆ ಕರೆಯಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮ ಮನೆಯವರೂ ಕೇಳಲಿಲ್ಲ.

ಆಮೇಲೆ ಭಾನುವಾರಗಳಂದು ನಾನು ಅವರ ಹೊಲಕ್ಕೇ ಹೋಗತೊಡಗಿದೆ. ಕೋಸಿನ ಸಾಲುಗಳ ನಡುವೆ ಕಳೆ ಕೀಳುತ್ತ ಅವರು ಕಲಿಸಿದ ಇಂಗ್ಲಿಷೇ ನನ್ನನ್ನು ವಿಶ್ವವಿದ್ಯಾಲಯದವರೆಗೆ ಕರೆದೊಯ್ದಿತು. ಒಮ್ಮೆ ಕೇಳಿದೆ: "ನಿಮ್ಗೆ ಸಿಟ್ಟಿಲ್ವಾ ಟೀಚರ್?"

"ಅದೆ ಕಣಮ್ಮಿ. ಜ್ವಾಪಾನ್ವಾಗಿ ಮಡಿಕಂಡಿವ್ನಿ. ನೀನೂ ಮಡಿಕೊ, ಸಿಕ್ಕುಸಿಕ್ಕಿದ್ ಕಡೆ ಕಳಿಬ್ಯಾಡ."

ಹೋದ ವರ್ಷ ಅವರು ಕಾಯಿಲೆಯಿಂದ ತೀರಿಕೊಂಡರು. ಅದೇ ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ನಿವೃತ್ತರಾಗಿದ್ದ ಅದೇ ಹೆಡ್‌ಮಾಸ್ತರು ಬಿಳಿ ಶಲ್ಯ ಹೊದ್ದು ಮೈಕಿನ ಮುಂದೆ ನಿಂತರು. ಈ ಬೆಟ್ಟ ಕಂಡ ಟೀಚರುಗಳಲ್ಲೆಲ್ಲ ಇವರೇ ಶ್ರೇಷ್ಠರು ಎಂದರು. ಇಂಥವರು ಮತ್ತೆ ಹುಟ್ಟಿ ಬರಬೇಕು ಎಂದರು. ಬಳಿಕ ನನ್ನನ್ನು ತೋರಿಸಿ, ಅವರ ಶಿಷ್ಯೆ, ಎಂ.ಎ. ಓದಿದವಳು, ಎರಡು ಮಾತಾಡಲಿ ಎಂದರು.

ನಾನು ಸಭೆಗಳಲ್ಲಿ ಮಾತಾಡುವವಳಲ್ಲ. ಆದರೂ ಎದ್ದು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತೆ.

"ಅಷ್ಟು ಶ್ರೇಷ್ಠರ್ನ ಆ ವರ್ಸ ಯಾಕೆ ಕಳುಸ್ಬುಟ್ರಿ ಸಾರ್?"

ಮೈಕಿನಲ್ಲಿ ಅದು ರಸ್ತೆಯವರೆಗೂ ಕೇಳಿಸಿರಬೇಕು. "ಅಳೇದೆಲ್ಲ ಈಗ್ಯಾಕವ್ವ," ಎಂದರು ಅವರು, ಮೆಲ್ಲಗೆ.

ನಾನು ಕೆಳಗೆ ಇಳಿಯಲಿಲ್ಲ. ಉತ್ತರಕ್ಕಾಗಿ ಕಾದು ನಿಂತೆ. ಅವರು ನನಗೆ ಬೆನ್ನು ಮಾಡಿ, ಟೀಚರ ಫೋಟೋಗೆ ಹಾಕಿದ್ದ ಹಾರವನ್ನು ನೇರ ಮಾಡತೊಡಗಿದರು. ಹಾರ ನೇರವಾಗಿಯೇ ಇತ್ತು.